ಒಂಬತ್ತನೇ ಮಹಡಿ ಹೇಳುತ್ತಿದೆ

ಇದು ನಡೆದದ್ದು, ಕಟ್ಟಿದ ಕತೆಯಲ್ಲ. ನಂಬಿಕೆ ಬಾರದವರು ಒಂದು ಕೆಲಸ ಮಾಡಿ: ಓದುವುದಕ್ಕೆ ಮುಂಚೆ ಒಂದು ಚೊಂಬು ನೀರು ಕುಡಿದು ಕೂತುಕೊಳ್ಳಿ. ಮುಗಿಯುವವರೆಗೆ ಏಳಕೂಡದು. ಏಳಲೇಬೇಕು ಅನ್ನಿಸಿದರೆ ಪಕ್ಕದಲ್ಲಿರುವವರ ಅಪ್ಪಣೆ ಕೇಳಿ, ಇಂಗ್ಲಿಷಿನಲ್ಲಿ ಕೇಳಿ. ಅವರು 'ಇನ್ನೊಂದು ಸಲ ಹೇಳು' ಅಂದರೆ ಇನ್ನೊಂದು ಸಲ ಹೇಳಿ. ಕೊನೆಯ ಸಾಲು ಮುಟ್ಟುವ ಹೊತ್ತಿಗೆ ಇದು ನಿಜವೋ ಸುಳ್ಳೋ ಎಂದು ನಿಮ್ಮ ಕಿಬ್ಬೊಟ್ಟೆಯೇ ತೀರ್ಪು ಕೊಡುತ್ತದೆ.

ಗಾಜಿನ ಕಟ್ಟಡ. ಮಹಡಿಗೊಂದು ಕಂಪನಿ, ಮಹಡಿಗೊಬ್ಬಳು ಹೆಂಗಸು. ಹೆಂಗಸಿನ ಕೈಯಲ್ಲಿ ಮಾಪು, ಪಕ್ಕದಲ್ಲಿ ಗಾಲಿಯ ಬಕೆಟ್ಟು, ಸೊಂಟದಲ್ಲಿ ವಾಕಿ. ಪೂರ್ತಿ ಹೆಸರು ವಾಕಿ ಟಾಕಿ. ಈ ಹೆಂಗಸರಿಗೆ ನಡೆಯುವುದಕ್ಕೆ ಮಾತ್ರ ಅವಕಾಶ, ಮಾತಿಗೆ ಇಲ್ಲ. ಹಾಗಾಗಿ ಬರೀ ವಾಕಿ.

ಎಲ್ಲ ವಾಕಿಗೂ ಒಂದೇ ಚಾನೆಲ್ಲು. ಒಬ್ಬಳು ಬಾಯಿ ಬಿಟ್ಟರೆ ಇಡೀ ಕಟ್ಟಡಕ್ಕೆ ಕೇಳುತ್ತದೆ. ಗೇಟಿನ ಸೆಕ್ಯುರಿಟಿಗೆ, ಲಿಫ್ಟಿನವನಿಗೆ, ಪಾರ್ಕಿಂಗಿನಲ್ಲಿ ಸೀಟಿ ಊದುವವನಿಗೆ, ಎಲ್ಲರಿಗೂ. ಒಬ್ಬರು ಗುಂಡಿ ಒತ್ತಿ ಹಿಡಿದರೆಂದರೆ ಅವರು ಬಿಡುವವರೆಗೆ ಉಳಿದವರ ಬಾಯಿ ಬಂದ್. ಬೇಸ್‌ಮೆಂಟಿನ ಕಂಟ್ರೋಲ್ ರೂಮಿನಲ್ಲಿ ಕೂರುವ ಸೂಪರ್‌ವೈಸರ್‌ಗೆ ಯಾರ ಮಾತಾದರೂ ಬೇಡವಾದರೆ ಬೈಯುತ್ತಿರಲಿಲ್ಲ. ಗುಂಡಿ ಒತ್ತಿ ಹಿಡಿದು ಸುಮ್ಮನೆ ಉಸಿರಾಡುತ್ತಿದ್ದ. ಮಹಡಿ ಮಹಡಿಯಲ್ಲೂ, ಹೆಂಗಸರ ಸೊಂಟ ಸೊಂಟದಲ್ಲೂ ಅವನ ಉಸಿರು.

ವಾಕಿಯಲ್ಲಿ ಯಾರಿಗೂ ಹೆಸರಿಲ್ಲ. ಮಹಡಿಯೇ ಹೆಸರು. ಹನ್ನೊಂದನೇ ಮಹಡಿಯವಳನ್ನು ಹೆಂಗಸರು ಮಾತ್ರ ಟೇಪು ಎಂದು ಕರೆಯುತ್ತಿದ್ದರು. ಒಮ್ಮೆ ಕಿವಿಗೆ ಬಿದ್ದದ್ದು ಅವಳ ಬಾಯಿಂದ ಹಾಗೇ ಹೊರಗೆ ಬರುತ್ತಿತ್ತು. ಲಿಫ್ಟಿನ ಒಳಗೆ 'ಡೋರ್ಸ್ ಕ್ಲೋಸಿಂಗ್' ಎನ್ನುವ ಕಾಣದ ಹೆಂಗಸನ್ನು, ಕೈ ಒಣಗಿಸುವ ಯಂತ್ರವನ್ನು, ಹನ್ನೊಂದನೇ ಮಹಡಿಯ ಕಂಪನಿಯವಳು ಫೋನಿನಲ್ಲಿ ಗಂಡನಿಗೆ ಹಲ್ಲು ಕಚ್ಚಿಕೊಂಡು ಬೈಯುವುದನ್ನು, ಎಲ್ಲವನ್ನೂ ಅವಳು ತಿರುಗಿಸಿ ಹಾಕುತ್ತಿದ್ದಳು. ತಮಾಷೆಯೆಂದರೆ, ಬೇರೆಯವರ ದನಿಯಲ್ಲಿ ಅವಳ ಇಂಗ್ಲಿಷು ಸರಾಗ. ತನ್ನ ದನಿಯಲ್ಲಿ ಮಾತಾಡು ಎಂದರೆ ಮೂರು ಪದಕ್ಕೆ ಕೆಮ್ಮು.

ಒಂಬತ್ತನೇ ಮಹಡಿ ಅವಳ ದೊಡ್ಡಮ್ಮ. ತಾಯಿಯ ಸ್ವಂತ ಅಕ್ಕ. ತಾಯಿ ಸತ್ತ ಮೇಲೆ ಸಾಕಿದವಳು, ಕೈ ಹಿಡಿದು ಈ ಕೆಲಸಕ್ಕೆ ತಂದು ನಿಲ್ಲಿಸಿದವಳು. ಮಂಡಿ ಹಿಡಿದಿತ್ತು. ಸಕ್ಕರೆ ಕಾಯಿಲೆ ಇತ್ತು. ಬಾಯಿ ಒಣಗುತ್ತದೆ, ನೀರು ಕುಡಿಯಬೇಕು. ಕುಡಿದದ್ದು ಒಳಗೆ ನಿಲ್ಲುವುದಿಲ್ಲ, ಹೋಗಬೇಕು. ಹೋಗುವುದೆಲ್ಲಿಗೆ? ಇಡೀ ಕತೆ ಅದೇ.

ಪ್ರತಿ ಮಹಡಿಯಲ್ಲೂ ಹೆಂಗಸರ ಟಾಯ್ಲೆಟ್ಟು ಇತ್ತು. ಕನ್ನಡಿ, ಬಿಸಿನೀರು, ಪರಿಮಳದ ಸೋಪು, ಮುಟ್ಟಿದರೆ ಸಪ್ಪಳವಿಲ್ಲದೆ ಮುಚ್ಚಿಕೊಳ್ಳುವ ಬಾಗಿಲು. ದೊಡ್ಡಮ್ಮ ಅದನ್ನು ಗಂಟೆಗೊಮ್ಮೆ ತೊಳೆಯಬೇಕು. ಮಂಡಿಯೂರಿ ಕಮೋಡಿನ ಅಂಚಿನ ಒಳಗೆ ಕೈ ಹಾಕಿ ಉಜ್ಜಬೇಕು. ಬೇರೆಯವರ ಕೂದಲು ತೆಗೆಯಬೇಕು, ಬೇರೆಯವರ ರಕ್ತ ಒರೆಸಬೇಕು. ಆದರೆ ಅದರ ಮೇಲೆ ಕೂರುವಂತಿಲ್ಲ. ಕೂತವಳನ್ನು ಅವತ್ತೇ ಮನೆಗೆ ಕಳಿಸುತ್ತಾರೆ. ಕೆಲಸದವರಿಗೆ ಬೇಸ್‌ಮೆಂಟಿನಲ್ಲಿ, ಜನರೇಟರ್ ರೂಮಿನ ಹಿಂದೆ, ಒಂದು ಇತ್ತು. ಚಿಲಕ ಇಲ್ಲ. ಒಂದು ಕಾಲು ಬಾಗಿಲಿಗೆ ಒತ್ತಿಕೊಂಡೇ ಕೂರಬೇಕು. ಅಲ್ಲಿಗೆ ಹೋಗಬೇಕೆಂದರೆ ಮಹಡಿ ಬಿಡಬೇಕು. ಮಹಡಿ ಬಿಡಬೇಕೆಂದರೆ ವಾಕಿಯಲ್ಲಿ ಅಪ್ಪಣೆ ಕೇಳಬೇಕು. ಕಟ್ಟಡಕ್ಕೆ ಪರದೇಶದ ಕಂಪನಿಗಳು ಬಂದ ಮೇಲೆ ಅದೂ ಇಂಗ್ಲಿಷಿನಲ್ಲಿ. ತಪ್ಪಿದರೆ 'ರಿಪೀಟ್'. ಇದು ಸೂಪರ್‌ವೈಸರ್ ತಂದ ರೂಲು.

ಹೆಂಗಸರು ಅವನಿಗೆ ಇಟ್ಟ ಹೆಸರು ಆರ್ಟಿಕಲ್ಲು. ವಾರಕ್ಕೊಮ್ಮೆ ಬೇಸ್‌ಮೆಂಟಿನ ಪೈಪುಗಳ ಕೆಳಗೆ ಅವನ ಕ್ಲಾಸು. ಮೇಲೆ ಯಾರದೋ ಫ್ಲಶ್ಶಿನ ನೀರು ಸೊಂಯ್ ಎಂದು ಇಳಿದು ಹೋಗುತ್ತಿತ್ತು. ಕೆಳಗೆ ಹೆಂಗಸರು ಮಗುಚಿದ ಬಕೆಟ್ಟುಗಳ ಮೇಲೆ ಕೂತು ಬೋರ್ಡು ನೋಡುತ್ತಿದ್ದರು.

"ಇಂಗ್ಲಿಷ್‌ನಲ್ಲಿ ವಸ್ತು ಬೆತ್ತಲೆ ಬರೋ ಹಾಗಿಲ್ಲ," ಎಂದು ಅವನು ಗಂಟಲು ಸರಿಮಾಡಿಕೊಂಡ. ಹ್ಞುಂ ಎಂದು ಕೆಮ್ಮಿ, ನಾಲಿಗೆಯನ್ನು ಟಕ್ ಎಂದು ಅಂಗುಳಕ್ಕೆ ಬಡಿದು ಮಾತು ಶುರು ಮಾಡುವುದು ಅವನ ಅಭ್ಯಾಸ. "ಮುಂದೆ ಎ ಬರಬೇಕು, ಆನ್ ಬರಬೇಕು, ಇಲ್ಲಾ ದಿ ಬರಬೇಕು. ಯಾವುದೋ ಒಂದು ಅಂದ್ರೆ ಎ. ಇದೇ, ಬೇರೆ ಯಾವುದೂ ಅಲ್ಲ, ಅಂತ ಬೊಟ್ಟು ಮಾಡಿ ಹೇಳೋದಾದ್ರೆ ದಿ. ಈಗ ನೀವು 'ಐ ವಾಂಟ್ ಟು ಗೋ ಟು ಎ ಟಾಯ್ಲೆಟ್' ಅಂತೀರಿ. ಏನರ್ಥ? ಯಾವ ಟಾಯ್ಲೆಟ್ಟಾದ್ರೂ ಪರವಾಗಿಲ್ಲ ಅಂತ. ಗೆಸ್ಟ್‌ಗಳದ್ದಕ್ಕೆ ಹೋಗಿ ಕೂತ್ಕೋತೀರಾ? ಹ್ಞಾಂ? ಈ ಕಟ್ಟಡದಲ್ಲಿ ಟಾಯ್ಲೆಟ್ಟು ಬೇಕಾದಷ್ಟಿದೆ. ನಿಮಗಿರೋದು ಒಂದೇ. ಅದಕ್ಕೇ ದಿ."

ಬೋರ್ಡಿನ ಮೇಲೆ ದಿ ಬರೆದು ಅದರ ಸುತ್ತ ಗೆರೆ ಎಳೆದ. ಗೆರೆ ಗಟ್ಟಿಯಾಗಿತ್ತು. ಟೇಪಿಗೆ ಅದು ವ್ಯಾಕರಣ ಅನ್ನಿಸಲಿಲ್ಲ. ಬೇಲಿ ಅನ್ನಿಸಿತು.

ಅವನಿಗೂ ಒಂದು ಗಾಯ ಇತ್ತು ಅನ್ನಿ. ಒಂದು ಸಲ ಅವನು ಬರೆದ ನೋಟೀಸನ್ನು ಮ್ಯಾನೇಜರು ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿ, ದಿ ಎಲ್ಲಪ್ಪಾ ಬಿಟ್ಟು ಬಂದೆ, ಎಂದು ಎಲ್ಲರನ್ನೂ ನಗಿಸಿದ್ದ. ಆ ಗಾಯವನ್ನು ಅವನು ಮ್ಯಾನೇಜರಿಗೆ ತೋರಿಸಲಿಲ್ಲ. ತೆಗೆದುಕೊಂಡು ಬಂದು ಬಕೆಟ್ಟುಗಳ ಮೇಲೆ ಕೂತವರಿಗೆ ಹಂಚಿದ.

ಕ್ಲಾಸು ಮುಗಿದ ಮೇಲೆ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಬಟ್ಟೆ ಬದಲಾಯಿಸುವಾಗ ಟೇಪು ಒರೆಸುವ ಬಟ್ಟೆಯನ್ನು ಟೈಯಂತೆ ಕಟ್ಟಿಕೊಂಡು ನಿಂತಳು. ಹ್ಞುಂ, ಟಕ್. "ಲೇಡೀಸ್, ದಿ ನೀರು ಬರುವುದು ಎ ನಲ್ಲಿಯಿಂದ. ದಿ ಕಣ್ಣೀರು ಬರುವುದು ಆನ್ ಆರ್ಟಿಕಲ್ಲಿನಿಂದ."

ಹೆಂಗಸರು ಗೋಡೆಗೆ ಒರಗಿ ನಕ್ಕರು. ದೊಡ್ಡಮ್ಮ ಮಾತ್ರ ಬಾಯಿಗೆ ಅಂಗೈ ಒತ್ತಿ, ಮಂಡಿಗೆ ಮಂಡಿ ಕೂಡಿಸಿ, ಬಗ್ಗಿ ನಿಂತಳು.

"ಲೇ ಟೇಪು, ಮುಚ್ಚೇ ಬಾಯಿ. ನಗಿಸ್ಬೇಡ ಕಣೇ. ಬಂದ್ಬಿಡತ್ತೆ."

"ಬಂದ್ರೆ ಬರ್ಲಿ ಬಿಡು ದೊಡ್ಡಮ್ಮ, ಬೇಸ್‌ಮೆಂಟಲ್ಲೇ ಇದೀವಲ್ಲ."

"ನಿಂಗೇನು, ಹರೇದವಳು. ನಾನು ಜೋರಾಗಿ ನಕ್ಕು ಎಷ್ಟು ವರ್ಷ ಆಯ್ತೋ. ನಗೋದಕ್ಕೂ ಒಳಗೆ ಜಾಗ ಬೇಕು." ಉಸಿರು ಹಿಡಿದು ನೆಟ್ಟಗಾಗಿ, ಅವಳು ತನ್ನ ಅನುಮಾನ ಕೇಳಿದಳು. "ಅಲ್ವೇ, ನಾನು ಆ ಟಾಯ್ಲೆಟ್ಟು ಅಂತಾನೇ ಅಲ್ವಾ ಹೇಳೋದು? ಆ ಮನೆ, ಆ ಬಾಗಿಲು ಅಂದ ಹಾಗೆ. ಬೊಟ್ಟು ಮಾಡಿಯೇ ಹೇಳ್ತೀನಿ. ಅವನಿಗ್ಯಾಕೆ ಅದು ತಪ್ಪಾಗಿ ಕೇಳತ್ತೆ?"

'ನಿನ್ನ ಆ ಅವನಿಗೆ ಎ ಅಂತ ಕೇಳತ್ತೆ' ಎಂದು ಟೇಪು ಬಿಡಿಸಿ ಹೇಳಿದಳು. ಬಸ್ಸಿನಲ್ಲಿ, ಬೀದಿಯಲ್ಲಿ, ಒಲೆಯ ಮುಂದೆ ಹೇಳಿಕೊಟ್ಟಳು. ದೊಡ್ಡಮ್ಮ ಜಪ ಮಾಡಿದಂತೆ ಮಾಡಿ ಕಲಿತಳು. ಟು ದಿ, ಟು ದಿ, ಟು ದಿ.

ಒಂದು ದಿನ ಒಂಬತ್ತನೇ ಮಹಡಿಯ ಕಂಪನಿಗೆ ದೊಡ್ಡ ದೊಡ್ಡವರು ಬರುವುದಿತ್ತು. ಲಿಫ್ಟಿನ ಬಾಗಿಲ ಮೇಲೆ ಬೆರಳ ಗುರುತು ಕಾಣಕೂಡದು, ಅಲ್ಲೇ ನಿಂತು ಒರೆಸುತ್ತಿರು ಎಂದು ದೊಡ್ಡಮ್ಮನಿಗೆ ಅಪ್ಪಣೆಯಾಗಿತ್ತು. ಬೆಳಿಗ್ಗೆಯಿಂದ ನಿಂತೇ ಇದ್ದಳು. ಊಟದ ಹೊತ್ತಿಗೆ ವಾಕಿ ಕರಕರ ಎಂದಿತು.

"ಸಾರ್, ನೈನ್ತ್ ಫ್ಲೋರ್. ಐ ವಾಂಟ್ ಗೋ ಆ ಟಾಯ್ಲೆಟ್."

"ರಿಪೀಟ್."

ಹನ್ನೊಂದನೇ ಮಹಡಿಯಲ್ಲಿ ಟೇಪು ಮಾಪು ನಿಲ್ಲಿಸಿ ಕಿವಿಗೊಟ್ಟಳು. ದೊಡ್ಡಮ್ಮ ಉಸಿರು ತೆಗೆದುಕೊಂಡದ್ದು ಕೇಳಿಸಿತು.

"ಸಾರ್. ಐ ವಾಂಟ್ ಟು ಗೋ ಟು ದಿ ಟಾಯ್ಲೆಟ್."

ಭೇಷ್, ಎಂದಳು ಟೇಪು ಖಾಲಿ ಕಾರಿಡಾರಿಗೆ. ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ.

"ರಿಪೀಟ್."

ಟೇಪಿಗೆ ಅರ್ಥವಾಗಲಿಲ್ಲ. ದೊಡ್ಡಮ್ಮನಿಗೂ ಆಗಲಿಲ್ಲ. ಸರಿಯಾದದ್ದನ್ನೇ ಮತ್ತೆ ಹೇಳಿದಳು. ಮತ್ತೆ ರಿಪೀಟ್. ಈ ಸಲ ಅವನ ಹಿಂದೆ ಯಾರೋ ಕಿಸಕ್ಕೆಂದದ್ದು ಕೇಳಿತು. ದೊಡ್ಡಮ್ಮನ ಕೈಲಿದ್ದ ವಾಕ್ಯ ಕೈಯಿಂದ ಜಾರಿತು. ಯಾವುದು ತಪ್ಪೆಂದು ಗೊತ್ತಾಗದೆ ಎಲ್ಲ ಕಡೆಗೂ ದಿ ಹಚ್ಚತೊಡಗಿದಳು.

"ದಿ ಸಾರ್... ಐ ದಿ ವಾಂಟ್... ಸಾರ್, ಅರ್ಜೆಂಟು ಸಾರ್..."

"ಆನ್ ಅರ್ಜೆಂಟಾ, ದಿ ಅರ್ಜೆಂಟಾ?"

ಈಗ ನಗು ಮುಚ್ಚುಮರೆಯಿಲ್ಲದೆ ಬಂತು. ನಾಲ್ಕಾರು ಗಂಡಸರ ನಗು. ಟೇಪು ಗುಂಡಿ ಒತ್ತಿದಳು. "ಸಾರ್, ಸರಿಯಾಗೇ ಹೇಳಿದ್ಲು ಸಾರ್! ಬಿಡಿ ಸಾರ್!" ಮಾತು ಒಳಗೆ ಹೋಗಲಿಲ್ಲ. ಅವನು ಗುಂಡಿ ಹಿಡಿದಿದ್ದ. ಕಟ್ಟಡದ ತುಂಬ ಉಸಿರು.

ಮಾಪು ಬಿಸಾಕಿ ಮೆಟ್ಟಿಲ ಕಡೆ ಓಡಿದಳು. ಮಹಡಿ ಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ. ಒಂಬತ್ತನೇ ಮಹಡಿಯ ಬಾಗಿಲು ತಳ್ಳಿದಾಗ ಲಿಫ್ಟಿನ ಮುಂದೆ ಕೋಟಿನವರ ಗುಂಪು ನಿಂತಿತ್ತು. ನೆಲದ ನುಣುಪು ಕಲ್ಲಿನ ಮೇಲೆ ನೀರು ನಿಧಾನವಾಗಿ ಹರಡುತ್ತಿತ್ತು. ಹೊಳೆಯುವ ಶೂಗಳು ಒಂದೊಂದಾಗಿ ಹಿಂದೆ ಸರಿದವು.

"ಯಾರಾದರೂ ಕ್ಲೀನರನ್ನ ಕರೀರಿ," ಎಂದ ಒಬ್ಬ.

ಕ್ಲೀನರು ಅಲ್ಲೇ ನಿಂತಿದ್ದಳು. ವಾಕಿ ಇನ್ನೂ ಬಾಯ ಹತ್ತಿರವೇ ಇತ್ತು. ಯೂನಿಫಾರಮ್ಮಿನ ಪ್ಯಾಂಟು ಮಂಡಿಯವರೆಗೂ ಕಪ್ಪಗಾಗಿತ್ತು.

ದೊಡ್ಡಮ್ಮ ಅಳಲಿಲ್ಲ. 'ಒದ್ದೆ ನೆಲ, ಎಚ್ಚರಿಕೆ' ಎಂಬ ಹಳದಿ ಬೋರ್ಡನ್ನು ತಂದು ತನ್ನ ಕಾಲ ಬಳಿ ನಿಲ್ಲಿಸಿದಳು. ಮಾಪು ಹಿಂಡಿದಳು. ಟೇಪು ಕಸಿದುಕೊಳ್ಳಲು ಕೈ ಹಾಕಿದಾಗ ಬಿಡಲಿಲ್ಲ.

"ಬಿಡು. ನನ್ನ ಮಹಡಿ."

ಒರೆಸಿದಳು. ಫಿನಾಯಿಲ್ ಹಾಕಿ ಇನ್ನೊಮ್ಮೆ ಒರೆಸಿದಳು. ಮುಗಿಸಿ ನೆಟ್ಟಗೆ ನಿಂತ ಹೊತ್ತಿಗೆ ಅವಳ ಸೊಂಟದಿಂದ ದನಿ ಬಂತು.

"ನೈನ್ತ್ ಫ್ಲೋರ್. ಪರ್ಮಿಷನ್ ಗ್ರಾಂಟೆಡ್."

ಸಾಮಾನಿನ ಲಿಫ್ಟಿನಲ್ಲಿ ಕೆಳಗೆ ಕರೆದುಕೊಂಡು ಹೋಗುವಾಗ ಲಿಫ್ಟಿನವನು ಗೋಡೆ ನೋಡುತ್ತ ನಿಂತಿದ್ದ. ದೊಡ್ಡಮ್ಮನನ್ನು ಬೇಸ್‌ಮೆಂಟಿನಲ್ಲಿ ಇಳಿಸಿ ಟೇಪು ಮರಳಿ ಹತ್ತಿದಾಗ ಬಾಯಿ ಬಿಟ್ಟ.

"ತಮಾಷೆಗೆ ಕಣಮ್ಮ. ಕಂಟ್ರೋಲ್ ರೂಮಲ್ಲಿ ಸೂಪರ್‌ವೈಸರ್ ಜೊತೆ ಸೆಕ್ಯುರಿಟಿ ಹುಡುಗರು ಇದ್ರು. 'ನೋಡ್ತಿರಿ, ಮುದುಕಿ ಕೈಲಿ ಎಷ್ಟು ಸಲ ಹೇಳಿಸ್ತೀನಿ' ಅಂದ. ಎರಡನೇ ಸಲಕ್ಕೇ ಸರಿಯಾಗಿ ಹೇಳಿದಾಳೆ ಅಂತ ಅವನೇ ನಮಗೆ ಹೇಳ್ದ."

"ನೀನೂ ಅಲ್ಲೇ ಇದ್ಯಾ?"

"ಇದ್ದೆ."

"ನಕ್ಯಾ?"

ಲಿಫ್ಟಿನವನು ಹನ್ನೊಂದರ ಗುಂಡಿಯನ್ನು ಸುಮ್ಮಸುಮ್ಮನೆ ಇನ್ನೊಂದು ಸಲ ಒತ್ತಿದ. 'ಡೋರ್ಸ್ ಕ್ಲೋಸಿಂಗ್,' ಎಂದಳು ಕಾಣದ ಹೆಂಗಸು.

ಅಂದರೆ ತಪ್ಪಿದರೂ ರಿಪೀಟ್, ಸರಿಯಾದರೂ ರಿಪೀಟ್. ಒಲೆಯ ಮುಂದೆ ಕೂತು ದೊಡ್ಡಮ್ಮನ ಬಾಯಿಗೆ ತುರುಕಿದ ಆ ಪುಟ್ಟ ಪದಕ್ಕೆ ಏನೂ ಬೆಲೆಯಿರಲಿಲ್ಲ. ಟೇಪು ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದಳು. ತೊಳೆದ ಬೇಸಿನ್ನನ್ನೇ ಮತ್ತೆ ತೊಳೆದಳು. ಉಗುರು ಕಚ್ಚಲು ಬಾಯಿಗೆ ಕೈ ತಂದರೆ ಫಿನಾಯಿಲಿನ ಕಹಿ.

ಆ ಸಂಜೆ ದೊಡ್ಡಮ್ಮ ಮನೆಗೆ ಹೋಗಿ ಪ್ಯಾಂಟನ್ನು ಒಗೆದಳು, ಹರವಿದಳು, ತೆಗೆದು ಮೂಸಿ ಮತ್ತೆ ಒಗೆದಳು. ಟೇಪು ನೀರಿನ ಲೋಟ ಮುಂದೆ ಹಿಡಿದರೆ ತಲೆಯಾಡಿಸಿದಳು.

"ಕುಡಿ ದೊಡ್ಡಮ್ಮ. ನರ್ಸಮ್ಮ ಏನಂದ್ರು? ನೀರು ಬಿಟ್ರೆ ತಲೆ ತಿರುಗಿ ಬೀಳ್ತೀಯಾ ಅಂದ್ರಲ್ವಾ?"

"ಬಿದ್ರೆ ಮೈ ಒಣಗಿರತ್ತಲ್ಲ, ಅಷ್ಟು ಸಾಕು."

ಮಾರನೇ ದಿನವೂ ಕುಡಿಯಲಿಲ್ಲ. ತುಟಿ ಬಿರುಕು ಬಿಟ್ಟಿತು. ಒಂಬತ್ತನೇ ಮಹಡಿಯ ಗೋಡೆ ಹಿಡಿದುಕೊಂಡು ಮಾಪು ಎಳೆಯುತ್ತಿದ್ದಳು. ವಾಕಿಯಲ್ಲಿ ಯಾರೋ ಪಾರ್ಕಿಂಗಿನವನು, "ನೈನ್ತ್ ಫ್ಲೋರ್‌ನಲ್ಲಿ ಲೀಕೇಜ್ ನಿಂತಿತೇನ್ರೀ, ಪ್ಲಂಬರ್ ಕಳಿಸ್ಲಾ?" ಎಂದ. ಹನ್ನೊಂದರಲ್ಲಿ ಟೇಪು ಮಾಪು ಇಡುವ ಬೀರುವಿನೊಳಗೆ ಹೊಕ್ಕು ಬಾಗಿಲು ಎಳೆದುಕೊಂಡಳು. ಕತ್ತಲಲ್ಲಿ, ಒದ್ದೆ ಬಟ್ಟೆಗಳ ನಡುವೆ, ಗಂಟಲು ಸರಿಮಾಡಿಕೊಂಡಳು. ಹ್ಞುಂ. ಟಕ್.

ಸೂಪರ್‌ವೈಸರ್‌ಗೆ ಊಟವಾದ ಮೇಲೆ ಒಂದು ಕೆಲಸವಿತ್ತು. ಮ್ಯಾನೇಜರ ಮಹಡಿಗೆ ಹೋಗಿ ಅಲ್ಲಿನ ಟಾಯ್ಲೆಟ್ಟಿನಲ್ಲಿ ಪತ್ರಿಕೆ ಓದಿಕೊಂಡು ಕೂರುವುದು. ಯಾರನ್ನೂ ಕೇಳಿ ಹೋಗುತ್ತಿರಲಿಲ್ಲ. ಹಿಂದೊಮ್ಮೆ ಸೊಂಟದ ವಾಕಿ ಕಮೋಡಿನೊಳಗೆ ಬಿದ್ದದ್ದರಿಂದ, ಹೋಗುವಾಗ ಅದನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದ. ಅವನನ್ನು ಮೇಲೆ ಬಿಟ್ಟು ಬಂದ ಲಿಫ್ಟಿನವನು, ಟೇಪು ಕೇಳಿಕೊಂಡಿದ್ದಂತೆ, ಹನ್ನೊಂದನೇ ಮಹಡಿಯಲ್ಲಿ ಬಾಗಿಲು ತೆರೆದು, ಗೋಡೆಗೆ ಹೇಳುವಂತೆ, "ಹೋದ," ಎಂದ. ಅದು ಅವನ ನಗುವಿಗೆ ಅವನೇ ಹಾಕಿಕೊಂಡ ದಂಡ.

ಬೀರುವಿನೊಳಗೆ ಟೇಪು ಗುಂಡಿ ಒತ್ತಿದಳು.

"ಹ್ಞುಂ. ಟಕ್. ಅಟೆನ್ಷನ್ ಆಲ್ ಫ್ಲೋರ್ಸ್. ದಿ ಬೇಸ್‌ಮೆಂಟ್ ಟಾಯ್ಲೆಟ್ ಈಸ್ ಕ್ಲೋಸ್ಡ್. ಯೂಸ್ ದಿ ಟಾಯ್ಲೆಟ್ ಆನ್ ಯುವರ್ ಓನ್ ಫ್ಲೋರ್. ನೋ ಪರ್ಮಿಷನ್. ದಿಸ್ ಈಸ್ ನಾಟ್ ಎ ರಿಕ್ವೆಸ್ಟ್. ದಿಸ್ ಈಸ್ ಆನ್ ಆರ್ಡರ್."

ಅವಳ ನಾಲಿಗೆ ಎಲ್ಲೂ ಎಡವಲಿಲ್ಲ. ಎ, ಆನ್, ದಿ ಮೂರೂ ಸಾಲಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಬಾಯಿ ಅವನದಲ್ಲವೇ!

ಆಮೇಲೆ ಮೂರನೇ ಮಹಡಿಯ, ಎಲ್ಲರೂ ಕಡ್ಡಿ ಎನ್ನುವ ಬಡಕಲಿ, ಆರನೇ ಮಹಡಿಯ ಬಾಣಂತಿ, ನಾಲ್ಕರ ಅತ್ತಿಗೆ, ಏಳರಲ್ಲಿರುವ ಅವಳ ನಾದಿನಿ, ಒಬ್ಬೊಬ್ಬರೂ ಮಾಪನ್ನು ಗೋಡೆಗೆ ಒರಗಿಸಿದರು. ತಾವೇ ಉಜ್ಜಿದ ಬಿಳುಪಿನ ಮೇಲೆ ಮೊದಲ ಸಲ ಕೂತರು. ಬಾಗಿಲಿಗೆ ಕಾಲು ಕೊಡಬೇಕಾಗಲಿಲ್ಲ. ಕಡ್ಡಿ ಆಮೇಲೆ ಹೇಳಿದ್ದು: "ಚಿಲಕ ಹಾಕ್ಕೊಂಡು ಸುಮ್ನೆ ಕೂತಿದ್ದೆ ಕಣೇ. ಬಂದಿದ್ದು ಮುಗಿದ್ರೂ ಏಳಕ್ಕೆ ಮನಸ್ಸಾಗ್ಲಿಲ್ಲ."

ದೊಡ್ಡಮ್ಮ ಮಾತ್ರ ಹೋಗಲಿಲ್ಲ.

ಸೂಪರ್‌ವೈಸರ್ ಪತ್ರಿಕೆ ಮಡಿಸಿಕೊಂಡು ಇಳಿದು ಬರುವ ಹೊತ್ತಿಗೆ ಮ್ಯಾನೇಜರ ದನಿ ವಾಕಿಯಲ್ಲಿ ಕಾಯುತ್ತಿತ್ತು.

"ಏನಪ್ಪಾ, ಬೇಸ್‌ಮೆಂಟ್ ಬಂದ್ ಅಂತ ಆರ್ಡರ್ ಮಾಡಿದ್ಯಂತೆ? ನನಗೊಂದು ಮಾತು ಹೇಳೋದಲ್ವಾ?"

ಅವನು ಮೇಜಿನ ಮೇಲಿನ ವಾಕಿಯನ್ನು ಕೈಗೆತ್ತಿಕೊಂಡ. ನಾನಲ್ಲ ಎಂದರೆ, ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ. ನೆಲ ಒರೆಸುವವಳು ನನಗಿಂತ ಚೆನ್ನಾಗಿ ನಾನಾಗಿದ್ದಾಳೆ ಎಂದು ಎಲ್ಲರ ಕಿವಿಗೆ ಬೀಳುವ ಹಾಗೆ ಹೇಳಬೇಕಾಗುತ್ತದೆ.

"ಹೌದು ಸಾರ್. ಪೈಪ್ ಬ್ಲಾಕ್ ಆಗಿತ್ತು ಸಾರ್. ಇವತ್ತಿಗೆ ಮಾತ್ರ ಸಾರ್."

ಆಮೇಲೆ ಅವನು ಸೀದಾ ಹನ್ನೊಂದನೇ ಮಹಡಿಗೆ ಬಂದ. ಟೇಪು ಗಾಜು ಒರೆಸುತ್ತಿದ್ದಳು.

"ನೀನೇ ತಾನೇ?"

"ವಾಟ್ ಸಾರ್?"

"ನಾಟಕ ಆಡ್ಬೇಡ. ನನ್ನ ದನಿ ಮಾಡಿದ್ದು ನೀನೇ."

"ನೋ ಸಾರ್. ಐ ಕ್ಲೀನರ್ ಸಾರ್. ಐ ನೋ ಆರ್ಟಿಕಲ್ ಸಾರ್," ಎಂದು ಟೇಪು ಕಣ್ಣು ಅಗಲ ಮಾಡಿದಳು. "ಅಷ್ಟು ಚೆನ್ನಾಗಿರೋ ಇಂಗ್ಲಿಷು ನಮಗೆಲ್ಲಿಂದ ಬರ್ಬೇಕು ಸಾರ್? ನೀವೇ ಅಲ್ವಾ ಹೇಳಿದ್ದು, ನಮ್ಮ ನಾಲಿಗೆ ಮೇಲೆ ದಿ ನಿಲ್ಲಲ್ಲ ಅಂತ?"

ಅವನ ಕುತ್ತಿಗೆಯ ನರ ಉಬ್ಬಿತು. "ನಾಳೆಯಿಂದ ಹಳೇ ರೂಲು. ವಾಕಿ ನನ್ನ ಕೈಬಿಟ್ಟು ಹೋಗಲ್ಲ. ನಿಮ್ಮ ದೊಡ್ಡಮ್ಮನಿಗೆ ಹೇಳು, ಮೊದಲನೇ ರಿಪೀಟು ಅವಳದ್ದೇ. ಇನ್ನೊಂದು ಸಲ ನೆಲ ಒದ್ದೆ ಮಾಡಿದ್ರೆ ಯೂನಿಫಾರಮ್ ಬಿಚ್ಚಿಟ್ಟು ಹೋಗ್ತಾ ಇರ್ಬೇಕು."

ಬಸ್ಸಿನಲ್ಲಿ ಹೆಂಗಸರು ಟೇಪಿನ ಬೆನ್ನು ತಟ್ಟಿದರು, ಇನ್ನೊಂದು ಸಲ ಮಾಡೇ ಎಂದು ಮಾಡಿಸಿ ನಕ್ಕರು. ದೊಡ್ಡಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ನೀನ್ಯಾಕೆ ಹೋಗ್ಲಿಲ್ಲ?" ಟೇಪು ಸಿಡುಕಿದಳು. "ನಾನು ಮಾಡಿದ್ದೇ ನಿನಗೋಸ್ಕರ."

"ಗೊತ್ತು ಕಣೇ."

"ಮತ್ತೆ?"

"ಅವನ ದನಿ ಕೇಳ್ತು. ಕೇಳ್ತಿದ್ದ ಹಾಗೇ ಹೊಟ್ಟೆ ಬಿಗೀತು." ದೊಡ್ಡಮ್ಮ ಒಣ ತುಟಿ ಸವರಿಕೊಂಡಳು. "ನೀನು ಅಂತ ಗೊತ್ತಿತ್ತು. ಆದ್ರೂ ಬಿಗೀತು. ಹೋಗು ಅಂದಿದ್ದು ಅವನ ಬಾಯೇ ತಾನೇ. ಇವತ್ತು ಹೋಗು ಅಂದ ಬಾಯಿ ನಾಳೆ ಬೇಡ ಅನ್ನತ್ತೆ."

ಟೇಪಿಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ದಿನ ಎಲ್ಲರ ದನಿಯನ್ನೂ ಗೆದ್ದೆ ಎಂದುಕೊಂಡಿದ್ದಳು. ಆ ರಾತ್ರಿ ಅವಳು ಹೊರಳಾಡಿದಳು. ನಾಳೆ ಏನು ಮಾಡಲಿ? ಮ್ಯಾನೇಜರ ದನಿ ಮಾಡಲೇ? ಅವನ ಮೇಲಿನವನ ದನಿ? ಅದಕ್ಕೂ ಮೇಲಿನವನ ದನಿ ಅವಳು ಕೇಳಿಯೇ ಇರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡಮ್ಮ ಒಲೆಯ ಪಕ್ಕ ನಿಂತು ನೀರು ಕುಡಿಯುತ್ತಿದ್ದಳು. ಲೋಟದಲ್ಲಲ್ಲ, ಚೊಂಬಿನಲ್ಲಿ. ಗಟಗಟ ಎಂದು, ಗಲ್ಲದ ಮೇಲೆ ಇಳಿದರೂ ಒರೆಸಿಕೊಳ್ಳದೆ. ಮುಗಿಸಿ ಇನ್ನೊಂದು ಚೊಂಬು ಬಗ್ಗಿಸಿಕೊಂಡಳು.

"ಏನಿದು ದೊಡ್ಡಮ್ಮ?" ಎಂದಳು ಟೇಪು ಗಾಬರಿಯಿಂದ. "ಅವನು ಮೊದಲು ನಿನ್ನೇ ಹಿಡಿಯೋದು."

"ಹಿಡೀಲಿ. ಬಾಯಾರಿಕೆ ಆಗಿದೆ."

ಕಟ್ಟಡದಲ್ಲಿ ಅವತ್ತು ವಾಕಿಗಳು ಸುಮ್ಮನಿದ್ದವು. ಟೇಪು ಹನ್ನೊಂದರಲ್ಲಿ ಒಂದು ಕಡೆ ನಿಲ್ಲಲಾರದೆ ಮೆಟ್ಟಿಲ ಬಾಗಿಲಿನವರೆಗೆ ಹೋಗುವುದು, ಬರುವುದು, ಮತ್ತೆ ಹೋಗುವುದು ಮಾಡುತ್ತಿದ್ದಳು. ಯಾರೂ ಅಪ್ಪಣೆ ಕೇಳಲಿಲ್ಲ. ಎಲ್ಲರೂ ಬಿಗಿಹಿಡಿದಿದ್ದರು. ಕೊನೆಗೆ ಕರಕರ ಎಂದಿತು.

"ಸಾರ್. ಒಂಬತ್ತನೇ ಮಹಡಿ."

ನಮ್ಮ ಮಾತಿನಲ್ಲಿ.

"ಯೆಸ್, ನೈನ್ತ್ ಫ್ಲೋರ್," ಎಂದ ಅವನು. ದನಿಯಲ್ಲಿ ಬೆಲ್ಲ. ಹಿಂದೆ ಹುಡುಗರು ಸೇರಿಕೊಂಡಿದ್ದಾರೆಂದು ಗೊತ್ತಾಗುತ್ತಿತ್ತು.

"ನಾನು ಹೋಗ್ತಾ ಇದೀನಿ."

"ಇನ್ ಇಂಗ್ಲಿಷ್. ರಿಪೀಟ್."

"ಹೋಗ್ತಾ ಇದೀನಿ ಸಾರ್. ಕೇಳ್ತಾ ಇಲ್ಲ. ಹೇಳ್ತಾ ಇದೀನಿ."

"ರಿಪೀಟ್!"

"ಇಲ್ಲ."

ಎರಡಕ್ಷರ. ಮುಂದೆ ಏನೂ ಇಲ್ಲ, ಹಿಂದೆ ಏನೂ ಇಲ್ಲ. ಬೆತ್ತಲೆ ನಿಂತಿತ್ತು.

ಟೇಪು ಮೆಟ್ಟಿಲಿಳಿದು ಓಡಿದಳು. ಸೊಂಟದಲ್ಲಿ ವಾಕಿ ಎಲ್ಲವನ್ನೂ ಹೇಳುತ್ತಿತ್ತು. ದೊಡ್ಡಮ್ಮ ಗುಂಡಿ ಬಿಟ್ಟಿರಲಿಲ್ಲ. ಅವಳ ರಬ್ಬರು ಚಪ್ಪಲಿ ಕಲ್ಲಿನ ಮೇಲೆ ಪಟಪಟ ನಡೆಯಿತು. ಭಾರದ ಬಾಗಿಲು ಸಪ್ಪಳವಿಲ್ಲದೆ ಮುಚ್ಚಿಕೊಂಡಿತು. ಒಳಬಾಗಿಲು. ಚಿಲಕ. ಬಟ್ಟೆಯ ಸರಸರ. "ಅಮ್ಮಾ..." ಎಂದು ಮಂಡಿ ಬಗ್ಗಿಸಿದ ನರಳಿಕೆ. ಆಮೇಲೆ, ಗೇಟಿನಿಂದ ಹಿಡಿದು ಮ್ಯಾನೇಜರ ಮಹಡಿಯವರೆಗೆ, ವಾಕಿ ಇದ್ದವರೆಲ್ಲರ ಸೊಂಟದಲ್ಲೂ, ಎರಡು ಚೊಂಬು ನೀರು ಧೋ ಎಂದು ಇಳಿದ ಸದ್ದು. ನಿಲ್ಲಲೇ ಇಲ್ಲ ಅದು. ಟೇಪು ಎಂಟತ್ತು ಮೆಟ್ಟಿಲು ಇಳಿದರೂ ಇನ್ನೂ ಬರುತ್ತಿತ್ತು.

ಒಂಬತ್ತನೇ ಮಹಡಿಯ ಹೆಂಗಸರ ಟಾಯ್ಲೆಟ್ಟಿನ ಮುಂದೆ ಟೇಪು ತಲುಪಿದಾಗ ಲಿಫ್ಟು ತೆರೆಯಿತು. ಸೂಪರ್‌ವೈಸರ್ ಏದುಸಿರು ಬಿಡುತ್ತ ಬಂದ. ಬಾಗಿಲು ತಳ್ಳಿದ. ಒಳಗೆ ಕನ್ನಡಿಯ ಮುಂದೆ ಕೈ ತೊಳೆಯುತ್ತಿದ್ದ ಕಂಪನಿಯ ಹೆಂಗಸೊಬ್ಬಳು ತಿರುಗಿ ಕಿರುಚಿದಳು.

"ಏಯ್! ಇದು ಲೇಡೀಸ್! ಕಣ್ಣು ಕಾಣಲ್ವಾ?"

"ಮೇಡಮ್, ಒಳಗೆ ಒಬ್ಬಳು ಕ್ಲೀನರ್..."

"ಅವಳು ಇರ್ಬಹುದು. ನೀನು ಇರೋ ಹಾಗಿಲ್ಲ. ಹೊರಗೆ ನಡಿ!"

ಬಾಗಿಲು ಅವನ ಮೂಗಿನ ಮುಂದೆ ಮುಚ್ಚಿಕೊಂಡಿತು. ವಾಕಿಯನ್ನು ಬಾಯಿಗೆ ಒತ್ತಿ ಕೂಗಿದ. "ನೈನ್ತ್ ಫ್ಲೋರ್! ಕಮ್ ಔಟ್! ದಿಸ್ ಈಸ್..." ಯಾವ ಮಹಡಿಗೂ ಹೋಗಲಿಲ್ಲ. ಗುಂಡಿ ಬೇರೆ ಹೆಬ್ಬೆರಳಿನ ಕೆಳಗಿತ್ತು. ಅವನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಕಾರಿಡಾರಿನ ಆ ತುದಿಯಲ್ಲಿ ಕಡ್ಡಿ ಕಾಣಿಸಿಕೊಂಡಳು, ಅವಳ ಹಿಂದೆ ನಾದಿನಿ. ಮಹಡಿ ಬಿಟ್ಟು ಬಂದಿದ್ದರು. ಯಾರನ್ನೂ ಕೇಳಿರಲಿಲ್ಲ.

"ಎಲ್ಲರನ್ನೂ ತೆಗೆಸ್ತೀನಿ," ಎಂದ ಅವನು ಟೇಪಿಗೆ. ಗಂಟಲಿನಲ್ಲಿ ಹ್ಞುಂ ಇರಲಿಲ್ಲ, ನಾಲಿಗೆಯಲ್ಲಿ ಟಕ್ ಇರಲಿಲ್ಲ. "ಎಲ್ಲರನ್ನೂ!"

"ತೆಗೆಸಿ ಸಾರ್," ಎಂದಳು ಟೇಪು. ತನ್ನ ದನಿಯಲ್ಲೇ ಎಂದಳು. ಕೆಮ್ಮು ಬರಲಿಲ್ಲ. "ನಾಳೆ ಹನ್ನೆರಡೂ ಮಹಡಿ ನೀವೇ ಒರೆಸಿ. ನಡುವೆ ಬಂದ್ರೆ ಯಾರನ್ನ ಕೇಳ್ತೀರಿ?"

ಆಗ ಅವನ ಕೈಯಲ್ಲಿದ್ದ ವಾಕಿಯಿಂದ ಆ ಸದ್ದು ಶುರುವಾಯಿತು. ಮೊದಲು ಬಾಯಿಗೆ ಅಂಗೈ ಒತ್ತಿದಂಥ, ಹಳೆಯ, ಮೂಗಿನ ನಗು. ಆಮೇಲೆ ದೊಡ್ಡಮ್ಮ ಅಂಗೈ ತೆಗೆದಳು. ಟೈಲಿನ ಗೋಡೆಗಳಿಗೆ ಬಡಿದು, ಎದ್ದು, ಹೊಟ್ಟೆಯ ತಳದಿಂದ, ಯಾವ ಸ್ನಾಯುವನ್ನೂ ಬಿಗಿಹಿಡಿಯದ ನಗು. ಬಾಗಿಲ ಆಚೆಯಿಂದ ಒಮ್ಮೆ, ವಾಕಿಯಿಂದ ಒಮ್ಮೆ. ಕಡ್ಡಿ ನಕ್ಕಳು, ನಾದಿನಿ ಗೋಡೆ ಹಿಡಿದು ನಕ್ಕಳು, ಲಿಫ್ಟಿನವನು ನೆಲ ನೋಡುತ್ತ ನಕ್ಕ. ಟೇಪು ಆ ನಗುವನ್ನು ತಾನೂ ತೆಗೆಯಲು ಬಾಯಿ ತೆರೆದಳು. ಅದು ಅವಳಿಗೆ ಸಿಗಲಿಲ್ಲ. ಇಷ್ಟು ವರ್ಷ ಜೊತೆಗಿದ್ದರೂ ಅದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

ಒಳಗೆ ದೊಡ್ಡಮ್ಮ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಗುಂಡಿಯಿಂದ ಬೆರಳು ತೆಗೆಯಲಿಲ್ಲ.